ಮಾಲ್ಗುಡಿ ಡೇಸ್ ಟೈಟಲ್ ಮ್ಯೂಸಿಕ್ಕನ್ನ ನಮ್ಮೂರ ಮಕ್ಕಳ ಹತ್ರ ಹಾಡಿಸಿ ರೆಕಾರ್ಡ್ ಮಾಡೋದು ಹೇಗೆ

ಮಾಲ್ಗುಡಿ ಡೇಸ್ ಧಾರಾವಾಹಿ ಶುರುವಾಗೋವಾಗ ಬರೋ ಆ ತಾನನ ತಾನನ ಕೇಳಿದ್ರೆ ಶಿವಮೊಗ್ಗ ಜಿಲ್ಲೆಯೋರಿಗೆ ಸ್ವಲ್ಪ ಜಾಸ್ತಿನೇ ಎದೆ ತುಂಬ್ತದೆ, ಯಾಕಂದ್ರೆ ಶಂಕರ್ ನಾಗ್ ಅದನ್ನ ಶೂಟ್ ಮಾಡಿದ್ದು ನಮ್ಮ ಆಗುಂಬೇಲಿ, ಅದರಲ್ಲಿ ಬರೋ ಪುಟ್ಟ ಹುಡುಗ ಸ್ವಾಮಿ ಓಡಾಡಿದ ಊರು ನಮ್ಮದು, ಅರಸಾಳು ರೈಲ್ವೆ ಸ್ಟೇಷನ್ನಲ್ಲಿ ಅದರ ನೆನಪಿಗೆ ಒಂದು ಮ್ಯೂಸಿಯಂ ಕೂಡ ಆಗಿದೆ. ಆದ್ರೂ ಶಾಲೆ ವಾರ್ಷಿಕೋತ್ಸವ ಬಂತು ಅಂದ್ರೆ ನೆಟ್ಟಿಂದ ಇಳಿಸಿದ ಯಾವುದೋ ಗೊರಗೊರ ಅನ್ನೋ ಫೈಲು ಹಾಕಿ ಮಕ್ಕಳನ್ನ ಸ್ಟೇಜ್ ಮೇಲೆ ನಿಲ್ಲಿಸ್ತಾರೆ. ಆ ಮಕ್ಕಳೇ ಹಾಡಬಹುದಲ್ಲ ಮಾರಾಯ್ರೆ! ಅದಕ್ಕೆ ಬೆಂಗಳೂರಿನ ಸ್ಟುಡಿಯೋ ಬೇಡ, ಲಕ್ಷಗಟ್ಟಲೆ ದುಡ್ಡೂ ಬೇಡ, ಒಂದು ಫೋನು, ಒಂದು ಹಳೇ ಲ್ಯಾಪ್‌ಟಾಪು, ನಾಲ್ಕೈದು ಮಕ್ಕಳು, ಒಂದು ಭಾನುವಾರ ಇದ್ರೆ ಆಗ್ತದೆ. ಶಾಲೆ ಮೇಷ್ಟ್ರುಗಳಿಗೆ, ಸಂಗೀತ ಪಾಠ ಹೇಳೋ ಅಕ್ಕಂದಿರಿಗೆ, ಊರಿನ ಯುವಕ ಸಂಘದೋರಿಗೆ ಉಪಯೋಗ ಆಗ್ಲಿ ಅಂತ ಎಲ್ಲಾ ಬಿಡಿಸಿ ಬರೀತಿದೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇಡೀ ಲೇಖನದಲ್ಲಿ ನನಗೆ ಮುಖ್ಯ ಅನ್ಸೋದು ಇದೇ. ಈ ಮ್ಯೂಸಿಕ್ಕಿಗೆ ಏನೂ ಸೇರಿಸೋಕೆ ಹೋಗಬೇಡಿ. ಇದನ್ನ ಮಾಡಿದೋರು ಎಲ್. ವೈದ್ಯನಾಥನ್, ವಯೊಲಿನ್ ವಿದ್ವಾಂಸರಾದ ಎಲ್. ಸುಬ್ರಹ್ಮಣ್ಯಂ ಮತ್ತೆ ಎಲ್. ಶಂಕರ್ ಅವರ ಅಣ್ಣ, ಮಾತೇ ಇಲ್ಲದ 1987ರ ಪುಷ್ಪಕ ವಿಮಾನ ಸಿನಿಮಾಕ್ಕೂ ಸಂಗೀತ ಇವರದ್ದೇ. ಪದ ಇಲ್ಲದೆ ಮನಸ್ಸಿಗೆ ನಾಟೋ ಹಾಗೆ ಮಾಡೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಾಲ್ಗುಡಿ ಡೇಸ್ ಹಿಂದೀಲೂ ಬಂತು ಇಂಗ್ಲಿಷಲ್ಲೂ ಬಂತು, ಹಾಡಿಗೆ ಸಾಹಿತ್ಯ ಇಲ್ದೇ ಇದ್ದಿದ್ರಿಂದ ಒಂದೇ ರಾಗ ಎರಡಕ್ಕೂ ಸಲ್ತು, ನಮ್ಮ ಕನ್ನಡದ ಮಕ್ಕಳ ಬಾಯಲ್ಲೂ ಹಾಗೇ ಸಲೀಸಾಗಿ ಕೂರ್ತದೆ. ಅಂಥದ್ದಕ್ಕೆ ಕೀಬೋರ್ಡಿನ ಪ್ಯಾಡು, ಡ್ರಮ್ ಲೂಪು, ಹತ್ತು ಥರದ ಎಫೆಕ್ಟು ತುಂಬಿದ್ರೆ ಅದು ಮದುವೆ ವಿಡಿಯೋ ಮ್ಯೂಸಿಕ್ ಆಗ್ತದೆ ಅಷ್ಟೇ.

ಮೊದಲ ಕೆಲಸ, ಕೇಳೋದು

ಫೋನಿನ ಸ್ಪೀಕರಲ್ಲಿ ಅಲ್ಲ, ಇಯರ್‌ಫೋನ್ ಹಾಕ್ಕೊಂಡು ಕೂತು ಕೇಳಿ. ಒಂದು ಸಲ ಬರೀ ದನಿ ಎಲ್ಲಿ ಶುರು ಆಗ್ತದೆ ಎಲ್ಲಿ ನಿಲ್ತದೆ ಅಂತ ಮಾತ್ರ ಗಮನಿಸಿ, ಇನ್ನೊಂದು ಸಲ ಅದರ ಹಿಂದೆ ಎಂತೆಂತ ವಾದ್ಯ ಕೇಳ್ತದೆ ಅಂತ, ಮತ್ತೊಂದು ಸಲ ತಾಳ ಮಾತ್ರ. ಒಂದು ನೋಟ್‌ಬುಕ್ಕಲ್ಲಿ ಸಾಲು ಸಾಲಾಗಿ ಬರ್ಕೊಳ್ಳಿ, ಎಲ್ಲಿ ಉಸಿರು ತಗೊಳ್ತಾರೆ, ಎಲ್ಲಿ ಏನೂ ಇಲ್ಲದೆ ಖಾಲಿ ಬಿಟ್ಟಿದಾರೆ ಅನ್ನೋದನ್ನ ಸಹ ಗುರುತು ಹಾಕಿ. ಆ ಖಾಲಿ ಜಾಗಾನ ಹೆಚ್ಚಿನೋರು ಗಮನಿಸೋದೇ ಇಲ್ಲ, ಮಕ್ಕಳಿಗೆ ಕಲಿಸೋವಾಗ ಎಲ್ಲಾ ಒಟ್ಟಿಗೆ ಅಂಟಿಸಿ ಓಡಿಸ್ತಾರೆ, ಆಗ ರಾಗ ಸರಿ ಇದ್ರೂ ಎಂತದೋ ಕಳ್ಕೊಂಡ ಹಾಗೆ ಕೇಳ್ತದೆ. ಸ್ವರ ಹಿಡಿಯೋಕೆ ಕಷ್ಟ ಆದ್ರೆ ಯೂಟ್ಯೂಬಲ್ಲಿ ಸ್ಪೀಡ್ 0.75 ಇಟ್ಟು ಕೇಳಿ, ನಿಧಾನ ಆಗ್ತದೆ, ಶ್ರುತಿ ಬದಲಾಗಲ್ಲ.

ಬೇರೆ ಬೇರೆ ಜಾಗದಲ್ಲಿರೋ ಫೈಲುಗಳನ್ನ ಹೋಲಿಸಿದ್ರೆ ಶ್ರುತಿ ಒಂದೇ ಇರಲ್ಲ, ಅದಕ್ಕೆ ಗಾಬರಿ ಬೇಡ. ಹಳೇ ಟೇಪಿಂದ ಕಾಪಿ ಮಾಡೋವಾಗ ಓಡೋ ಸ್ಪೀಡು ಆಚೀಚೆ ಆದ್ರೆ ಶ್ರುತಿನೂ ಆಚೀಚೆ ಆಗ್ತದೆ, ಶೇಕಡಾ 6ರಷ್ಟು ಸ್ಪೀಡ್ ಹೆಚ್ಚಾದ್ರೆ ಸಾಕು ಹೆಚ್ಚುಕಮ್ಮಿ ಅರ್ಧ ಮನೆ, ಅಂದ್ರೆ ಹಾರ್ಮೋನಿಯಂನ ಪಕ್ಕದ ಕೀಗೆ ಹೋದಷ್ಟು, ಮೇಲೆ ಹೋಗಿಬಿಡ್ತದೆ. ಹಾಗಾಗಿ ಮೂಲದ ಶ್ರುತೀನೇ ಬೇಕು ಅಂತ ಹಟ ಹಿಡೀಬೇಡಿ, ನಿಮ್ಮ ಮಕ್ಕಳ ಗಂಟಲಿಗೆ ಯಾವುದು ಒಗ್ತದೋ ಅದೇ ನಿಮ್ಮ ಶ್ರುತಿ.

ಶ್ರುತಿ ಗೊತ್ತುಮಾಡೋದು

ಮೊಬೈಲಲ್ಲಿ ತಂಬೂರಿ ಆ್ಯಪು ಹಾಕಿ ಐದನೇ ಮನೆ ಶ್ರುತಿಯಿಂದ ಶುರು ಮಾಡಿ ಐದೂವರೆ, ಆರು ಹೀಗೆ ಒಂದೊಂದೇ ಏರಿಸ್ತಾ ಮಕ್ಕಳ ಹತ್ರ ಇಡೀ ರಾಗ ಹಾಡಿಸಿ ನೋಡಿ. ಮೇಲಿನ ಸ್ವರಕ್ಕೆ ಹೋದಾಗ ಕುತ್ತಿಗೆ ನರ ಉಬ್ಬಿದ್ರೆ ಜಾಸ್ತಿ ಆಯ್ತು ಅಂತ ಅರ್ಥ, ಕೆಳಗಿನ ಸ್ವರ ಬರೀ ಗಾಳಿ ಆಗ್ತಿದ್ರೆ ಕಮ್ಮಿ ಆಯ್ತು ಅಂತ. ಹಾಡೋರ ಪೈಕಿ ಎಲ್ಲರಿಗಿಂತ ಸಣ್ಣ ಮಗುವಿಗೆ ಆರಾಮಾಗೋ ಶ್ರುತಿ ಇಟ್ಕೊಳ್ಳಿ, ದೊಡ್ಡೋರು ಹೊಂದ್ಕೊಳ್ತಾರೆ.

ಇಲ್ಲೊಂದು ಕ್ರಮ ಇದೆ, ತಪ್ಪಿಸಬೇಡಿ. ದನಿಯ ಶ್ರುತಿ ಮೊದಲು, ಅದಕ್ಕೆ ಸರಿಯಾದ ಕೊಳಲು ಆಮೇಲೆ, ತಂತಿ ವಾದ್ಯಗಳು ಕೊನೇಗೆ. ಕೊಳಲಿಗೆ ಅದರದ್ದೇ ಶ್ರುತಿ ಇರ್ತದೆ, ಊದೋ ರೀತೀಲಿ ಚೂರು ಮೇಲೆ ಕೆಳಗೆ ಮಾಡಬಹುದೇ ಹೊರತು ಒಂದು ಮನೆ ಬದಲಾಯಿಸೋಕೆ ಆಗಲ್ಲ. ವಯೊಲಿನ್ನು, ಗಿಟಾರು ಎಲ್ಲಿಗೆ ಬೇಕಾದ್ರೂ ಬಿಗಿ ಮಾಡ್ಕೊಬಹುದು. ಮನೇಲಿ ಅಜ್ಜನ ಕಾಲದ ಹಾರ್ಮೋನಿಯಂ ಇದ್ದು ಅದನ್ನೇ ಬಳಸ್ತೀರಿ ಅಂದ್ರೆ ಆಗ ಅದೇ ಯಜಮಾನ, ಯಾಕಂದ್ರೆ ಹಳೇ ಪೆಟ್ಟಿಗೆಗಳು ಶ್ರುತಿ ಅಳೆಯೋ ಟ್ಯೂನರ್ ಆ್ಯಪಲ್ಲಿ ನೋಡಿದ್ರೆ ಸ್ವಲ್ಪ ಮೇಲೋ ಕೆಳಗೋ ಇರ್ತವೆ, ಕೂತ ಕೂತಲ್ಲೇ ಸರಿ ಮಾಡೋಕೆ ಬರಲ್ಲ, ತಂಬೂರಿ ಆ್ಯಪನ್ನೇ ಅದಕ್ಕೆ ಹೊಂದಿಸ್ಕೋಬೇಕು. ಮಳೆಗಾಲದಲ್ಲಿ ಮೃದಂಗ ತಬಲದ ಚರ್ಮ ತೇವ ಹಿಡಿದು ಸಡಿಲ ಆಗೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ, ರೆಕಾರ್ಡಿಂಗಿಗೆ ಎರಡು ಗಂಟೆ ಮುಂಚೆ ಅದೇ ಕೋಣೇಲಿ ತಂದಿಟ್ಟು ಶ್ರುತಿ ಮಾಡಿ, ಆಮೇಲೆ ಮತ್ತೆ ಒಂದ್ಸಲ ನೋಡಿ.

ವಾದ್ಯ ಎಷ್ಟು ಬೇಕು ಅಂತ ಕೇಳಿದ್ರೆ ನನ್ನ ಪ್ರಕಾರ ದನಿ ಬಿಟ್ಟು ಎರಡು, ಹೆಚ್ಚಂದ್ರೆ ಮೂರು. ಊರಲ್ಲಿ ಕೊಳಲು ಊದೋರು ಇದ್ರೆ ಕೊಳಲು, ಇಲ್ಲಾಂದ್ರೆ ವಯೊಲಿನ್ನು, ಅದೂ ಇಲ್ಲಾಂದ್ರೆ ಹಾರ್ಮೋನಿಯಂ ಒಂದೇ ಸಾಕು, ಮಕ್ಕಳ ದನಿ ಮೇಲೆ ನಂಬಿಕೆ ಇಡಿ.

ಎಲ್ಲಿ, ಯಾವಾಗ

ನಮ್ಮ ಮಲೆನಾಡಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಜೂನಿಂದ ಸೆಪ್ಟೆಂಬರ್ ತನಕ ಹಂಚಿನ ಮನೇಲಾಗ್ಲಿ ತಗಡಿನ ಶೀಟಿನ ಕೆಳಗಾಗ್ಲಿ ರೆಕಾರ್ಡಿಂಗ್ ಮಾತೇ ಎತ್ತಬೇಡಿ, ಆರ್‌ಸಿಸಿ ಮನೆ ಆದ್ರೂ ಅಂಗಳಕ್ಕೆ ಹೊದಿಸಿದ ಶೀಟಿನ ಸದ್ದು ಒಳಗೆ ಬರ್ತದೆ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲು, ಪಕ್ಕದ ಮನೇಲಿ ಸುಲಿಯೋ ಮಿಷನ್ ಶುರುವಾದ್ರೆ ರಾತ್ರಿ ತನಕ ನಿಲ್ಲಲ್ಲ. ಸುಲಿಯೋ ಕೆಲಸ ಮುಗಿದು ಬೇಸಿಗೆ ಜೀರುಂಡೆ ಇನ್ನೂ ಜೋರಾಗಿ ಶುರುವಾಗದೇ ಇರೋ ಮಧ್ಯದ ಕೆಲವು ವಾರ ಇದ್ಯಲ್ಲ, ಅದು ಒಳ್ಳೇ ಹೊತ್ತು. ದಿನದಲ್ಲಾದ್ರೆ ಡೇರಿಗೆ ಹಾಲು ಹಾಕಿ ಬಂದು, ಬೆಳಗಿನ ಬಸ್ಸು ದಾಟಿದ ಮೇಲೆ, ಊಟದ ಹೊತ್ತಿನ ಒಳಗೆ. ಸಂಜೆ ಬೇಡ, ಜೀರುಂಡೆ ಕಪ್ಪೆ ಎರಡೂ ಶುರುವಾಗ್ತವೆ, ಮಕ್ಕಳಿಗೂ ನಿದ್ದೆ ಬರ್ತಿರ್ತದೆ.

ಕರೆಂಟು ಹೋದ್ರೆ ಬೈಬೇಡಿ, ರೆಕಾರ್ಡಿಂಗಿಗೆ ಅದರಂಥ ಒಳ್ಳೇ ಹೊತ್ತು ಇನ್ನೊಂದಿಲ್ಲ. ಫ್ರಿಜ್ಜು, ಫ್ಯಾನು, ಪಂಪು ಎಲ್ಲಾ ಒಟ್ಟಿಗೆ ನಿಲ್ತದೆ, ಕಿವಿಗೆ ಗೊತ್ತೇ ಆಗದ 50 ಹರ್ಟ್ಜ್‌ನ ಗುಂಯ್ ಅನ್ನೋ ಸದ್ದೂ ಹೋಗ್ತದೆ. ಯುಪಿಎಸ್ ಇದ್ರೆ ಅದನ್ನೂ ಆಫ್ ಮಾಡಿ, ಲ್ಯಾಪ್‌ಟಾಪು ಫೋನು ಎರಡೂ ಮೊದಲೇ ಫುಲ್ ಚಾರ್ಜ್ ಮಾಡಿಟ್ಕೊಂಡು ಬ್ಯಾಟರಿ ಮೇಲೇ ಓಡ್ಸಿ. ಕರೆಂಟು ಹೋಗ್ಲಿಲ್ಲ ಅಂದ್ರೆ ಮನೆಯೋರನ್ನ ಕೇಳ್ಕೊಂಡು ಮೇನ್ ಸ್ವಿಚ್ಚೇ ಒಂದು ತಾಸು ಇಳಿಸಿ.

ಕೋಣೆ ಆರಿಸೋಕೆ ಸುಲಭದ ಪರೀಕ್ಷೆ, ಮಧ್ಯ ನಿಂತು ಒಂದೇ ಒಂದು ಚಪ್ಪಾಳೆ ಹೊಡೀರಿ. ಟಪ್ ಅಂತ ಅಲ್ಲೇ ಸತ್ರೆ ಒಳ್ಳೇದು, ಟಂಯ್ ಅಂತ ಬಾಲ ಬಂದ್ರೆ ಅಲ್ಲಿ ಬೇಡ. ಹಳೇ ಮಣ್ಣು ಗೋಡೆ, ಮರದ ಮುಚ್ಚಿಗೆ ಇರೋ ನಡುಮನೆ ಸಿಕ್ಕಿದ್ರೆ ಪುಣ್ಯ ಮಾಡಿದೀರಿ. ಟೈಲ್ಸ್ ಹಾಕಿದ ಹಾಲು ಮಾತ್ರ ಇದ್ರೆ ಮಕ್ಕಳ ಬೆನ್ನ ಹಿಂದೆ ಹಗ್ಗ ಕಟ್ಟಿ ಕಂಬಳಿ ರಜಾಯಿ ಇಳಿಬಿಡಿ, ನೆಲಕ್ಕೆ ಹಾಸಿಗೆ ಹಾಸಿ. ಅಡಿಕೆ ಮೂಟೆ ಪೇರಿಸಿಟ್ಟ ಕೋಣೆ ಇದ್ರೆ ಅದನ್ನ ಬಿಡಲೇಬೇಡಿ, ಉಬ್ಬುತಗ್ಗಿನ ಆ ಮೂಟೆ ಸಾಲು ಸದ್ದು ಹೀರ್ಕೊಳ್ಳೋ ಅಷ್ಟು ದುಡ್ಡು ಕೊಟ್ಟು ತಂದ ತೆಳು ಫೋಮೂ ಹೀರಲ್ಲ.

ಫೋನು, ಮೈಕು, ಇಯರ್‌ಫೋನು

ಫೋನಿನ ಜೊತೆ ಬಂದ ರೆಕಾರ್ಡರ್ ಹೆಚ್ಚಾಗಿ ಫೈಲನ್ನ ಒತ್ತಿ ಚಿಕ್ಕದು ಮಾಡಿ ಸೇವ್ ಮಾಡ್ತದೆ, ಅದರ ಬದಲು ವೇವ್ ಫೈಲಲ್ಲಿ ರೆಕಾರ್ಡ್ ಮಾಡೋ ಆ್ಯಪು ಹಾಕ್ಕೊಂಡು 48 ಕಿಲೋಹರ್ಟ್ಜ್ ಇಟ್ಕೊಳ್ಳಿ, ತನ್ನಷ್ಟಕ್ಕೇ ಸದ್ದು ಏರಿಸಿ ಇಳಿಸೋ ಆಟೋ ಗೇನ್ ಅನ್ನೋದು ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ನೀವು ಖಾಲಿ ಬಿಟ್ಟ ಜಾಗದಲ್ಲೆಲ್ಲಾ ಹಿಂದಿನ ಗೌಜು ಏರ್ಕೊಂಡು ಬರ್ತದೆ. ಏರೋಪ್ಲೇನ್ ಮೋಡ್ ಕಡ್ಡಾಯ. ಮಕ್ಕಳು ಜೋರಾಗಿ ಹಾಡಿದಾಗ ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸು ಇರ್ಲಿ, ಕೆಂಪು ಮುಟ್ಟಬಾರದು. ಕಮ್ಮಿ ಆದ್ರೆ ಆಮೇಲೆ ಏರಿಸಬಹುದು, ಒಡೆದದ್ದನ್ನ ಸರಿ ಮಾಡೋಕೆ ಆಗಲ್ಲ.

ಯುಎಸ್‌ಬಿ ಮೈಕು ಯಾರ ಹತ್ರನಾದ್ರೂ ಇದ್ರೆ ಕೇಳಿ ತನ್ನಿ, ಇಲ್ಲಾಂದ್ರೆ ಫೋನನ್ನೇ ಸ್ಟ್ಯಾಂಡಿಗೆ ಕಟ್ಟಿ. ಮಕ್ಕಳ ಹಣೆ ಎತ್ತರಕ್ಕೆ ಇಟ್ಟು ಬಾಯಿ ಕಡೆ ಸ್ವಲ್ಪ ಬಾಗಿಸಿ, ನೇರ ಬಾಯೆದುರು ಇಟ್ರೆ ಉಸಿರು ಬಂದು ಬಡೀತದೆ. ಕೊಳಲಿಗೆ ಮೈಕು ಊದೋ ತೂತಿನ ಎದುರು ಬೇಡ, ಬೆರಳಾಡೋ ಜಾಗದ ಕಡೆ ಒಂದೆರಡು ಗೇಣು ದೂರ ಇಡಿ.

ಮೊದಲು ಒಂದು ದಾರಿ ಟ್ರ್ಯಾಕು ಮಾಡ್ಕೊಳ್ಳಿ, ದೊಡ್ಡೋರು ಯಾರಾದ್ರೂ ಹಾರ್ಮೋನಿಯಂ ನುಡಿಸ್ತಾ ಕೈಯಲ್ಲಿ ತಾಳ ಹಾಕಿಸಿ ಪೂರ್ತಿ ರಾಗ ರೆಕಾರ್ಡ್ ಮಾಡಿ. ಮಕ್ಕಳು ಅದನ್ನ ಒಂದು ಕಿವೀಲಿ ಕೇಳ್ತಾ ಹಾಡ್ಲಿ, ಇನ್ನೊಂದು ಕಿವಿ ಖಾಲಿ ಇದ್ರೆ ಪಕ್ಕದೋರ ದನಿ ಕೇಳ್ತದೆ. ಟಿಕ್ ಟಿಕ್ ಅನ್ನೋ ಮೆಟ್ರೊನೋಮ್ ಮಕ್ಕಳ ಕಿವಿಗೆ ಹಾಕಬೇಡಿ, ಎಲ್ಲಾ ಮಗ್ಗಿ ಹೇಳಿದ ಹಾಗೆ ಹಾಡ್ತಾರೆ. ಇಯರ್‌ಫೋನು ವೈರಿಂದೇ ಆಗಬೇಕು, ಬ್ಲೂಟೂತಲ್ಲಿ ಸದ್ದು ತಡವಾಗಿ ಬರ್ತದೆ, ಎಲ್ಲರೂ ತಾಳಕ್ಕೆ ಹಿಂದೆ ಬೀಳ್ತಾರೆ. ಎರಡು ಫೋನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡ್ತೀರಾದ್ರೆ ಶುರುವಲ್ಲಿ ಒಂದು ಜೋರು ಚಪ್ಪಾಳೆ, ಆಮೇಲೆ ಎರಡೂ ಫೈಲನ್ನ ಆ ಚಪ್ಪಾಳೆಗೆ ಕೂರಿಸಬಹುದು.

ಹಾಡಿಸೋದು

ಆರಕ್ಕಿಂತ ಜಾಸ್ತಿ ಮಕ್ಕಳು ಬೇಡ. ಅರ್ಧ ಚಂದ್ರದ ಹಾಗೆ ನಿಲ್ಲಿಸಿ, ಮೆಲ್ಲಗೆ ಹಾಡೋರು ಮುಂದೆ, ಗಟ್ಟಿ ದನಿಯೋರು ಒಂದು ಹೆಜ್ಜೆ ಹಿಂದೆ. ಗಾಜಿನ ಬಳೆ, ಕಾಲ್ಗೆಜ್ಜೆ, ಜೇಬಲ್ಲಿರೋ ಚಿಲ್ಲರೆ, ಬಿಸ್ಕೆಟ್ ಕವರು ಎಲ್ಲಾ ತೆಗೆಸಿ ಒಂದು ಕಡೆ ಇಡ್ಸಿ. ಸಂಗೀತ ಕಲೀತಿರೋ ಮಕ್ಕಳು ಅಭ್ಯಾಸಬಲದಿಂದ ಸ್ವರ ಅಲುಗಿಸಿ ಗಮಕ ಹಾಕ್ತಾರೆ, ಇಲ್ಲಿ ಅದು ಬೇಡ ಅಂತ ಪ್ರೀತಿಯಿಂದ ಹೇಳಿ, ಶಾಲೆ ಬಿಟ್ಟು ಗದ್ದೆ ಬದು ಮೇಲೆ ನಡ್ಕೊಂಡು ಬರೋವಾಗ ಹೇಗೆ ಗುನುಗ್ತೀರೋ ಹಾಗೆ ಹಾಡಿ ಅಂದ್ರೆ ತಕ್ಷಣ ಅರ್ಥ ಆಗ್ತದೆ.

ತೀರ್ಥಹಳ್ಳಿ ಹತ್ರದ ಒಂದು ಮನೇಲಿ ನಾವು ರೆಕಾರ್ಡ್ ಮಾಡಿದಾಗ ಮೂರನೇ ಕ್ಲಾಸಿನ ಹುಡುಗ ಒಬ್ಬ ಇದ್ದ, ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು, ತಾ ಅನ್ನೋವಾಗೆಲ್ಲಾ ಆ ಸಂದಿಯಿಂದ ಸಣ್ಣಗೆ ಗಾಳಿ ಹೊರಗೆ ಬರ್ತಿತ್ತು. ಪಕ್ಕದಲ್ಲಿದ್ದ ಅವನಕ್ಕ "ಮಾವ, ಇವನ್ನ ಹಿಂದೆ ನಿಲ್ಸಿ, ಎಲ್ಲಾ ಹಾಳ್ ಮಾಡ್ತಾನೆ" ಅಂದ್ಲು. ಅವನು ತುಟಿ ಒತ್ತಿ ಹಿಡ್ಕೊಂಡು ನೆಲ ನೋಡ್ತಾ ನಿಂತ. ನಾನು "ಇಲ್ಲ ಮಾರಾಯ, ನೀನು ಮುಂದೇನೇ ನಿಲ್ಲು, ನಿನ್ನ ತಾ ನೇ ನಂಗೆ ಬೇಕಾಗಿದ್ದು" ಅಂದೆ, ಆಮೇಲೆ ಅವನು ಒಂದು ಕೈಯಲ್ಲಿ ಇಯರ್‌ಫೋನ್ ಅದುಮಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಚಡ್ಡಿ ಅಂಚು ಹಿಸುಕ್ತಾ ಹಾಡಿದ್ನಲ್ಲ, ಉಳಿದೋರೆಲ್ಲಾ ತಮಗೆ ಗೊತ್ತಿಲ್ಲದೇ ಅವನ ಲಯಕ್ಕೆ ಬಂದ್ರು. ಮಿಕ್ಸ್ ಮಾಡೋವಾಗ ಆ ಗಾಳಿ ಸದ್ದು ತೆಗೀಲಿಲ್ಲ, ಈಗ ಆ ಫೈಲು ಕೇಳೋರು ಯಾರಾದ್ರೂ ಮೊದಲು ಹೇಳೋದು ಆ ದನಿ ಬಗ್ಗೇನೇ. ಮಕ್ಕಳ ಹಾಡಿಗೆ ಮಕ್ಕಳನ್ನ ಆರಿಸೋವಾಗ ಸ್ಪರ್ಧೆಗೆ ಆರಿಸೋ ಹಾಗೆ ಆರಿಸಬೇಡಿ ಅಂತ ನಾನು ಎಲ್ಲರ ಹತ್ರನೂ ಹೇಳ್ತಿರ್ತೀನಿ.

ತುಂಡು ತುಂಡು ಹಾಡಿಸಿ ಆಮೇಲೆ ಜೋಡಿಸೋ ಯೋಚನೆ ಬೇಡ, ಪ್ರತಿ ಸಲ ಶುರುವಿಂದ ಕೊನೆ ತನಕ ಒಂದೇ ಓಟದಲ್ಲಿ ಹಾಡ್ಸಿ. ಮಧ್ಯ ಒಬ್ಬರು ತಪ್ಪಿದ್ರೂ ನಿಲ್ಲಿಸಬೇಡಿ. ಸುಸ್ತಾದ್ರು ಅನ್ಸಿದ್ರೆ ಅವಲಕ್ಕಿ ಕೊಟ್ಟು ಹೊರಗೆ ಆಡೋಕೆ ಬಿಡಿ, ಗಂಟಲು ಒಣಗಿದ್ರೆ ಉಗುರು ಬೆಚ್ಚಗಿನ ನೀರು, ಐಸ್‌ಕ್ರೀಮು ರೆಕಾರ್ಡಿಂಗ್ ಮುಗಿದ ಮೇಲೆ. ಕೊನೇಗೆ ಎಲ್ಲರೂ ಉಸಿರು ಬಿಗಿ ಹಿಡಿದು ಸುಮ್ನೆ ನಿಂತು 15 ಸೆಕೆಂಡು ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ, ಅದು ಮುಂದಿನ ಕೆಲಸಕ್ಕೆ ಬೇಕು.

ವಾದ್ಯಗಳನ್ನ ದನಿ ಆದ ಮೇಲೆ, ದನಿ ಕೇಳ್ಕೊಂಡು ನುಡಿಸ್ಲಿ. ಮಕ್ಕಳು ಎಲ್ಲಿ ಉಸಿರು ತಗೊಂಡ್ರೋ ಅಲ್ಲಿ ಕೊಳಲಿನೋರೂ ತಗೊಂಡ್ರೆ ಒಟ್ಟಿಗೆ ಕೂತು ಹಾಡಿದ ಹಾಗೇ ಕೇಳ್ತದೆ.

ಕಂಪ್ಯೂಟರಲ್ಲಿ

ಸದ್ದು ತಿದ್ದೋ ಸಾಫ್ಟ್‌ವೇರು ಆಡಾಸಿಟಿ ಪುಕ್ಕಟೆ ಸಿಗ್ತದೆ, ಸಾಕು. ಮೊದಲು 80 ಹರ್ಟ್ಜ್‌ಗಿಂತ ಕೆಳಗಿನದ್ದೆಲ್ಲಾ ಕತ್ತರಿಸಿ, ಮಕ್ಕಳ ದನಿ ಅದಕ್ಕಿಂತ ಎಷ್ಟೋ ಮೇಲೆ ಇರೋದ್ರಿಂದ ಹೋಗೋದು ದೂರದ ಲಾರಿ, ನೆಲದ ದಡಬಡ ಅಷ್ಟೇ. ಆಮೇಲೆ ನಾಯ್ಸ್ ರಿಡಕ್ಷನ್ನಿಗೆ ಹೋಗಿ ಆ 15 ಸೆಕೆಂಡಿನ ಖಾಲಿ ಸದ್ದನ್ನ ಮಾದರಿ ಕೊಟ್ಟು 6 ಡೆಸಿಬೆಲ್ ಮಾತ್ರ ತೆಗೀರಿ, ಆಸೆಪಟ್ಟು ಜಾಸ್ತಿ ತೆಗೆದ್ರೆ ದನಿ ನೀರೊಳಗಿಂದ ಬಂದ ಹಾಗೆ ಆಗ್ತದೆ. ಶ್ರುತಿ ಸರಿ ಮಾಡೋ ಆಟೋಟ್ಯೂನ್ ಬೇಡವೇ ಬೇಡ. ದನಿ ಮಧ್ಯ, ವಾದ್ಯಗಳು ಒಂಚೂರು ಎಡ ಬಲ, ರಿವರ್ಬ್, ಅಂದ್ರೆ ಕೋಣೆ ಗುಂಗಿನ ಎಫೆಕ್ಟು, ಇದೆಯೋ ಇಲ್ವೋ ಅನ್ನೋಷ್ಟು. ಯೂಟ್ಯೂಬಿಗಾದ್ರೆ ಒಟ್ಟು ಲೌಡ್‌ನೆಸ್ ಮೈನಸ್ 14 ಲಫ್ಸ್ (LUFS, ಲೌಡ್‌ನೆಸ್ ಅಳೆಯೋ ಮಾನ) ಹತ್ರ ಇಟ್ರೆ ಸರಿ ಹೋಗ್ತದೆ.

ಶುರುವಲ್ಲೋ ಕೊನೇಲೋ ಮಳೆ ಸದ್ದು ಬೇಕು ಅಂದ್ರೆ ನೆಟ್ಟಿಂದ ಇಳಿಸಬೇಡಿ, ನಮ್ಮಲ್ಲಿ ಮಳೆಗೆ ಬರಗಾಲವೇ! ಆಷಾಢದ ಒಂದು ದಿನ ಸೂರಂಚಿನ ಕೆಳಗೆ, ನೀರು ಸಿಡೀದ ಜಾಗದಲ್ಲಿ ಫೋನಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿಟ್ಕೊಂಡ್ರೆ ವರ್ಷಗಟ್ಟಲೆ ಬರ್ತದೆ, ಹಂಚಿನ ಮಳೆ ಒಂಥರಾ, ಅಡಿಕೆ ತೋಟದ ಮಳೆ ಇನ್ನೊಂಥರಾ, ಎರಡೂ ಇಟ್ಕೊಳ್ಳಿ. ದನಿ ಬರೋ ಹೊತ್ತಿಗೆ ಮಾತ್ರ ಮಳೆ ಪೂರ್ತಿ ಇಳಿದಿರಬೇಕು.

ಮುಗಿದ ಮೇಲೆ ಫೋನ್ ಸ್ಪೀಕರು, ಕಾರು, ಶಾಲೆ ಮೈಕ್‌ಸೆಟ್ಟು ಮೂರರಲ್ಲೂ ಹಾಕಿ ಕೇಳಿ. ಮೈಕ್‌ಸೆಟ್ಟು ಹೆಚ್ಚಾಗಿ ಮೋನೋ, ಎಡ ಬಲ ಎಲ್ಲಾ ಸೇರಿ ಒಂದೇ ಆಗ್ತದೆ, ಅಲ್ಲಿ ಕೊಳಲು ಮುಳುಗಿ ಹೋದ್ರೆ ವಾಪಸ್ ಬಂದು ಸರಿ ಮಾಡಿ.

ಹಕ್ಕಿನ ವಿಷಯ

ಇದನ್ನ ಬಿಟ್ಟು ಮುಂದೆ ಹೋಗಬೇಡಿ. ವೈದ್ಯನಾಥನ್ ತೀರಿಕೊಂಡಿದ್ದು 2007ರಲ್ಲಿ, ನಮ್ಮ ದೇಶದಲ್ಲಿ ಸಂಗೀತದ ಕಾಪಿರೈಟು ಸಂಯೋಜಕರ ಜೀವಿತಾವಧಿ ಮತ್ತೆ ಆಮೇಲೆ 60 ವರ್ಷ, ಅಂದ್ರೆ 2067ರ ಕೊನೆ ತನಕ ಇದೆ. ನೀವೇ ಹಾಡಿಸಿದ್ರೂ ರಾಗ ನಿಮ್ಮದಾಗಲ್ಲ. ಶಾಲೆ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳು, ಶಿಕ್ಷಕರು ಪೋಷಕರೆದುರು ಹಾಡೋದಕ್ಕೆ, ನುಡಿಸೋದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲಿ ವಿನಾಯಿತಿ ಇದೆ, ಹವ್ಯಾಸಿ ಸಂಘದೋರು ಟಿಕೆಟ್ ಇಲ್ಲದೆ ಮಾಡೋ ಕಾರ್ಯಕ್ರಮಕ್ಕೂ ಇದೆ. ಸಿಡಿ ಮಾಡಿ ಮಾರೋದಾದ್ರೆ 31ಸಿ ಸೆಕ್ಷನ್ ಬರ್ತದೆ, ಹಕ್ಕುದಾರರಿಗೆ 15 ದಿನ ಮುಂಚೆ ನೋಟಿಸು, ರಾಯಲ್ಟಿ ಮುಂಗಡ, ಅದೂ ಸಾಮಾನ್ಯವಾಗಿ ಕನಿಷ್ಠ 50,000 ಪ್ರತಿ ಲೆಕ್ಕದಲ್ಲಿ, ಸಣ್ಣ ಸಂಘಗಳಿಗೆ ಆಗೋ ಮಾತಲ್ಲ. ಯೂಟ್ಯೂಬಿಗೆ ಹಾಕೋ ಮುಂಚೆ ಹಕ್ಕುದಾರರ ಒಪ್ಪಿಗೆ ಕೇಳಿ, ಸಂಗೀತದ ಹಕ್ಕಿನ ವಿಚಾರಣೆ ಸಂಗೀತಗಾರರ ಹಕ್ಕು ನೋಡ್ಕೊಳ್ಳೋ ಐಪಿಆರ್‌ಎಸ್ ಸಂಸ್ಥೆ ಹತ್ರ ಶುರು ಮಾಡಬಹುದು. ಕ್ಲೇಮ್ ಬಂದು ಜಾಹೀರಾತಿನ ದುಡ್ಡು ಅವರಿಗೆ ಹೋದ್ರೆ ಜಗಳ ಬೇಡ, ಅದು ಅವರದ್ದೇ. ಮೂಲ ರೆಕಾರ್ಡಿಂಗಿನ ಒಂದು ಸೆಕೆಂಡೂ ಒಳಗೆ ಸೇರಿಸಬೇಡಿ, ಮತ್ತೆ ವಿಡಿಯೋಗೆ ಧಾರಾವಾಹಿ ಶುರುವಲ್ಲಿ ಬರೋ ಆರ್. ಕೆ. ಲಕ್ಷ್ಮಣ್ ಅವರ ಚಿತ್ರಗಳನ್ನ ಹಾಕೋ ಆಸೆ ಎಲ್ಲರಿಗೂ ಆಗ್ತದೆ, ಅವಕ್ಕೂ ಹಕ್ಕಿದೆ, ಬದಲಿಗೆ ನಿಮ್ಮ ಮಕ್ಕಳ ಹತ್ರಾನೇ ನಿಮ್ಮೂರಿನ ರಸ್ತೆ, ಬಸ್‌ಸ್ಟ್ಯಾಂಡು, ಶಾಲೆ ಬಿಡಿಸಿ ಹಾಕಿ. ಮಕ್ಕಳ ಮುಖ ತೋರಿಸೋದಾದ್ರೆ ಅಪ್ಪ ಅಮ್ಮನ್ನ ಕೇಳಿ ಲಿಖಿತವಾಗಿ ಒಪ್ಪಿಗೆ ತಗೊಳ್ಳಿ.

ಕ್ರೆಡಿಟ್ಟು ಹಾಕೋವಾಗ ಮೊದಲ ಸಾಲಲ್ಲಿ ಸಂಗೀತ ಎಲ್. ವೈದ್ಯನಾಥನ್, ಎರಡನೇ ಸಾಲಲ್ಲಿ ಧಾರಾವಾಹಿ ಮಾಲ್ಗುಡಿ ಡೇಸ್, ನಿರ್ದೇಶನ ಶಂಕರ್ ನಾಗ್, ಅದರ ಕೆಳಗೆ ಹಾಡಿದ ಮಕ್ಕಳು, ವಾದ್ಯದೋರು, ಆಮೇಲೆ ಮನೆ ಬಿಟ್ಟುಕೊಟ್ಟೋರು, ಕೊನೇಗೆ ರೆಕಾರ್ಡ್ ಮಾಡಿದೋರು. ವೇವ್ ಫೈಲುಗಳನ್ನ, ಬಿಟ್ಟ ಟೇಕುಗಳನ್ನ ಸಹ, ಡಿಲೀಟ್ ಮಾಡದೆ ಎರಡು ಕಡೆ ಕಾಪಿ ಇಡಿ, ಒಂದು ಪೆನ್‌ಡ್ರೈವಲ್ಲಿ ಹಾಕಿ ಪ್ರತಿ ಮಗುವಿನ ಮನೆಗೂ ಕೊಡಿ, ವಾಟ್ಸಾಪಲ್ಲಿ ಹಾಡಿನ ಹಾಗೆ ಕಳಿಸಿದ್ರೆ ಒತ್ತಿ ಹಾಳು ಮಾಡಬಹುದು, ಕಳಿಸೋದೇ ಆದ್ರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.